ಮಗಳು ಬೇರೆ ಮನೆಯವಳಲ್ಲ

ವಾಕ್ಯಭಾಗ: ಅರಣ್ಯಕಾಂಡ 27:1-11

ಈ ಮಳೆಯಲ್ಲಿಯೂ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದ ಬಸ್ಸು ಹತ್ತಿ ಆರಾಧನೆಗೆ ಬಂದಿದ್ದೀರಿ, ದೇವರಿಗೆ ಸ್ತೋತ್ರ. ಇವತ್ತು ಹೆಣ್ಣುಮಕ್ಕಳಿರುವ ಮನೆಗಳ ಬಗ್ಗೆ ಮಾತಾಡಬೇಕು ಅಂತ ಆತ್ಮನು ನನ್ನನ್ನು ಪ್ರೇರೇಪಿಸಿದ್ದಾನೆ. ಅರಣ್ಯಕಾಂಡ 27ನೇ ಅಧ್ಯಾಯ ತೆಗೆಯಿರಿ.

ಚಲ್ಪಹಾದ ಅಂತ ಒಬ್ಬ ತಂದೆ. ಮನಸ್ಸೆಯ ಕುಲದವನು. ಅವನಿಗೆ ಗಂಡುಮಕ್ಕಳಿಲ್ಲ, ಐದು ಜನ ಹೆಣ್ಣುಮಕ್ಕಳು. ಅರಣ್ಯದಲ್ಲಿಯೇ ತೀರಿಹೋದ. ಇನ್ನು ಕಾನಾನ್ ದೇಶವನ್ನು ಕುಟುಂಬಗಳಿಗೆ ಹಂಚುವ ಸಮಯ. ಆಗ ಈ ಐದು ಜನ ಒಟ್ಟಿಗೆ ಹೊರಟು ದೇವದರ್ಶನದ ಗುಡಾರದ ಬಾಗಿಲಿಗೆ ಬಂದರು. ಎದುರಿಗೆ ಮೋಶೆ, ಯಾಜಕ, ಕುಲಾಧಿಪತಿಗಳು, ಇಡೀ ಸಮೂಹ. ಅಲ್ಲಿ ನಿಂತು, ಗಂಡುಮಗ ಇಲ್ಲ ಅನ್ನುವ ಕಾರಣಕ್ಕೆ ನಮ್ಮ ಅಪ್ಪನ ಹೆಸರು ಯಾಕೆ ಅಳಿದುಹೋಗಬೇಕು, ನಮಗೂ ಪಾಲು ಕೊಡಿ ಅಂತ ಕೇಳಿದರು. ಧೈರ್ಯ ನೋಡಿ!

ಇದರಿಂದ ನಾವು ಮೂರು ವಿಷಯ ಕಲಿಯಬೇಕು.

ಮೊದಲನೆಯದು, ದೇವರು ಹೆಣ್ಣುಮಕ್ಕಳನ್ನು ಹೆಸರಿಟ್ಟು ಲೆಕ್ಕ ಹಾಕುತ್ತಾರೆ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಈ ಐದು ಹೆಸರುಗಳು ಅರಣ್ಯಕಾಂಡದಲ್ಲಿ ಮೂರು ಸಾರಿ, ಯೆಹೋಶುವನ ಪುಸ್ತಕದಲ್ಲಿ ಒಂದು ಸಾರಿ ಬರುತ್ತವೆ. ಎಷ್ಟೋ ಗಂಡಸರ ಹೆಸರೇ ಇಲ್ಲದ ಕಡೆ ದೇವರು ಇವರನ್ನು ನಾಲ್ಕು ಸಾರಿ ಬರೆಸಿದ್ದಾರೆ. ನಾವು ಏನು ಹೇಳುತ್ತೇವೆ? "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು." ಮಗಳು ಎಂಟನೇ ಕ್ಲಾಸಿನಲ್ಲಿ ಇರುವಾಗಲೇ, ನೀನು ನಾಳೆ ಇನ್ನೊಬ್ಬರ ಮನೆಗೆ ಹೋಗುವವಳು ಅಂತ ಶುರು ಮಾಡುತ್ತೇವೆ. ಹಾಗೆ ಕೇಳಿಕೊಂಡು ಬೆಳೆದ ಮಗು ಈ ಮನೆಯನ್ನು ನನ್ನ ಮನೆ ಅಂತ ಹೇಗೆ ಹೇಳುತ್ತದೆ, ಮಾರಾಯ್ರೆ?

ನಮ್ಮ ತುಳುನಾಡಿಗೆ ಇದು ಗೊತ್ತಿಲ್ಲದ ವಿಷಯ ಅಲ್ಲ. ಅಳಿಯಸಂತಾನ ಕಟ್ಟು ಇದ್ದ ಮನೆಗಳಲ್ಲಿ ವಂಶ ಹಿಡಿಯುತ್ತಿದ್ದದ್ದು ತಾಯಿಯ ಕಡೆಯಿಂದ. ಚೌಟ ಅರಸರ ಅರಮನೆ ಮೂಡುಬಿದಿರೆಯಲ್ಲಿ ಈಗಲೂ ಉಂಟು. ಅದೇ ವಂಶದ ಹೆಣ್ಣುಮಗಳು ಅಬ್ಬಕ್ಕ 16ನೇ ಶತಮಾನದಲ್ಲಿ ಉಳ್ಳಾಲದಲ್ಲಿ ಪೋರ್ಚುಗೀಸರಿಗೆ ಎದುರು ನಿಂತಳು. ಅಷ್ಟು ಹಿಂದೆ ಹೋಗುವುದೂ ಬೇಡ. ಬಂಟ್ವಾಳ, ಬೆಳ್ತಂಗಡಿ ಕಡೆ ಎಷ್ಟು ಮನೆಗಳಲ್ಲಿ ಅಮ್ಮ ರಾತ್ರಿ ಹನ್ನೊಂದರ ವರೆಗೆ ಬೀಡಿ ಕಟ್ಟಿ, ಬ್ರಾಂಚಿಗೆ ಕೊಟ್ಟು, ಆ ದುಡ್ಡಲ್ಲಿ ಮಗಳ ಫೀಸು ಕಟ್ಟಿದ್ದಾರೆ! ಆ ಅಮ್ಮಂದಿರು ಇಲ್ಲೇ ಕೂತಿದ್ದಾರೆ. ನಿಮ್ಮ ಒಂದೊಂದು ಬೀಡಿಯ ಲೆಕ್ಕವೂ ದೇವರಿಗೆ ಗೊತ್ತುಂಟು.

ಎರಡನೆಯದು, ಮಗಳು ಮಾತಾಡಿದರೆ ಕೇಳಬೇಕು. ಮೋಶೆ ಏನು ಮಾಡಿದ? ಬಾಯಿ ಮುಚ್ಚಿ ಅನ್ನಲಿಲ್ಲ. ನಿಮ್ಮ ಚಿಕ್ಕಪ್ಪ ದೊಡ್ಡಪ್ಪನನ್ನು ಕಳಿಸಿ ಅಂತಲೂ ಅನ್ನಲಿಲ್ಲ. ಅವರ ಮಾತನ್ನು ಹಾಗೆಯೇ ದೇವರ ಹತ್ತಿರ ತೆಗೆದುಕೊಂಡು ಹೋದ. ತಂದೆಯಂದಿರೇ, ಪ್ರಾರ್ಥನೆ ಅಂದರೆ ಇದು. ಮೊದಲು ಮಗಳ ಮಾತು ಕೇಳಬೇಕು, ಆಮೇಲೆ ಮೊಣಕಾಲೂರಬೇಕು. ಕೇಳದೇ ಹೋದರೆ ಅವಳಿಗೋಸ್ಕರ ಏನು ಅಂತ ಪ್ರಾರ್ಥಿಸುತ್ತೀರಿ?

ಮನೆ ಭೇಟಿಗೆ ಹೋದಾಗ ನಾನು ಒಂದು ವಿಷಯ ನೋಡುತ್ತೇನೆ. ಮಗಳು ಮೂಡುಬಿದಿರೆಯಲ್ಲಿ ಹಾಸ್ಟೆಲಿನಲ್ಲಿ ಇರ್ತಾಳೆ. ಸಂಜೆ ಫೋನ್ ಬರ್ತದೆ. ಅಪ್ಪ ಎತ್ತುತ್ತಾರೆ. "ಊಟ ಆಯ್ತಾ? ಹಾಂ, ಅಮ್ಮನಿಗೆ ಕೊಡ್ತೇನೆ." ಮುಗಿಯಿತು. ಬೆಳಿಗ್ಗೆ ಕತ್ತಲೆಗೆ ಎದ್ದು ರಬ್ಬರ್ ಟ್ಯಾಪಿಂಗ್ ಮಾಡುವ ಅಪ್ಪ ಅವರು, ಮಗಳಿಗೋಸ್ಕರ ಜೀವ ತೇಯುತ್ತಾರೆ. ಪ್ರೀತಿ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಆ ಪ್ರೀತಿ ಅವಳ ಕಿವಿಗೆ ಬಿದ್ದಿಲ್ಲ. ನಾಳೆ ಯಾರೋ ಒಬ್ಬ ಅವಳನ್ನು ಹೆದರಿಸಿದರೆ, ಫೋಟೋ ಇಟ್ಟುಕೊಂಡು ಪೀಡಿಸಿದರೆ, ಅವಳು ಮೊದಲು ಯಾರಿಗೆ ಹೇಳಬೇಕು? ಅಪ್ಪನಿಗೆ ಹೇಳಿದರೆ ಕಾಲೇಜು ಬಿಡಿಸುತ್ತಾರೆ ಅನ್ನುವ ಹೆದರಿಕೆಯಿಂದಲೇ ಎಷ್ಟೋ ಮಕ್ಕಳು ಒಬ್ಬರೇ ಅಳುತ್ತಾರೆ.

ನಾವು ಪೆಂತೆಕೊಸ್ತಿನವರು. ಗಂಡುಮಕ್ಕಳೂ ಹೆಣ್ಣುಮಕ್ಕಳೂ ಪ್ರವಾದಿಸುವರು ಎಂಬ ವಾಗ್ದಾನವನ್ನು ನಂಬುವವರು. ಕೈಸರೈಯದ ಫಿಲಿಪ್ಪನಿಗೆ ನಾಲ್ಕು ಹೆಣ್ಣುಮಕ್ಕಳು, ನಾಲ್ಕೂ ಜನ ಪ್ರವಾದಿಸುವವರು. ಸಭೆಯಲ್ಲಿ ಮಗಳು ಆತ್ಮದಲ್ಲಿ ಮಾತಾಡಿದರೆ ಆಮೆನ್ ಅನ್ನುತ್ತೇವೆ. ಮನೆಯಲ್ಲಿ ಅವಳೇ ಮಾತಾಡಿದರೆ ಸುಮ್ಮನಿರು ಅನ್ನುತ್ತೇವೆ. ಇದು ಸರಿಯಾ? ಯೋಚನೆ ಮಾಡಿ.

ಮೂರನೆಯದು, ಪಾಲು. ಇಲ್ಲಿ ಸ್ವಲ್ಪ ಕಷ್ಟ ಉಂಟು, ಆದರೂ ಹೇಳಬೇಕು. ದೇವರು ಆ ಹೆಣ್ಣುಮಕ್ಕಳ ಪರವಾಗಿ ತೀರ್ಪು ಕೊಟ್ಟರು. ಯೆಹೋಶುವ 17ರಲ್ಲಿ ಅವರಿಗೆ ಭೂಮಿ ಸಿಕ್ಕಿತು. ಜಾಗ ಬೇರೆ ಮನೆಗೆ ಹೋಗ್ತದಲ್ಲ ಪಾಸ್ಟರೇ ಅಂತ ನೀವು ಕೇಳಬಹುದು. ಇದೇ ಪ್ರಶ್ನೆಯನ್ನು ಅರಣ್ಯಕಾಂಡ 36ರಲ್ಲಿ ಅವರ ಕುಲದ ಹಿರಿಯರೂ ಕೇಳಿದರು. ತಮ್ಮ ಕುಲದೊಳಗೆ ಇಷ್ಟ ಬಂದವರನ್ನು ಮದುವೆಯಾಗಲಿ ಅಂತ ದೇವರು ದಾರಿ ತೋರಿಸಿದರು. ಆದರೆ ಕೊಟ್ಟ ಪಾಲನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಯೋಬನೂ ಕಷ್ಟ ಎಲ್ಲ ಮುಗಿದ ಮೇಲೆ ತನ್ನ ಮೂವರು ಹೆಣ್ಣುಮಕ್ಕಳಿಗೆ ಅಣ್ಣತಮ್ಮಂದಿರ ಜೊತೆ ಪಾಲು ಕೊಟ್ಟ.

ಬೆಳ್ತಂಗಡಿ ಕಡೆ ಕೇರಳದಿಂದ ಬಂದು ನೆಲೆಸಿದ ಕುಟುಂಬಗಳು ತುಂಬ ಉಂಟು. ನಿಮಗೆ ಮೇರಿ ರಾಯ್ ಕೇಸ್ ಗೊತ್ತಿರಬಹುದು. ತಿರುವಾಂಕೂರಿನ ಹಳೇ ಕಾನೂನಿನಲ್ಲಿ, ತಂದೆ ವಿಲ್ ಬರೆಯದೆ ತೀರಿಹೋದರೆ ಕ್ರೈಸ್ತ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. 1986ರಲ್ಲಿ ಸುಪ್ರೀಂ ಕೋರ್ಟ್ ಇದು ನಡೆಯುವುದಿಲ್ಲ ಅಂತ ಹೇಳಿತು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಕ್ರೈಸ್ತ ತಂದೆ ವಿಲ್ ಇಲ್ಲದೆ ತೀರಿಹೋದರೆ ಹೆಂಡತಿಗೆ ಮೂರನೇ ಒಂದು ಪಾಲು, ಉಳಿದದ್ದು ಮಗ ಮಗಳು ಅಂತ ಭೇದ ಇಲ್ಲದೆ ಸಮ. ಕಾನೂನೇ ಹೀಗೆ ಹೇಳುವಾಗ, ಅಪ್ಪನ ಬೊಜ್ಜ ಮುಗಿಯುವ ಮೊದಲೇ ತಂಗಿಯನ್ನು ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ಅಣ್ಣ ಯಾವ ಸಾಕ್ಷಿ ಕೊಡುತ್ತಾನೆ? ಅವಳು ಮನಸ್ಸಿನಿಂದ ಬಿಟ್ಟುಕೊಟ್ಟರೆ ಅದು ಬೇರೆ. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆ ಅಂತ ಹೆದರಿ ಹಾಕಿದರೆ, ಜಾಗ ಉಳೀತದೆ, ತಂಗಿ ಉಳಿಯುವುದಿಲ್ಲ.

ಪಾಲು ಅಂದರೆ ಬರೀ ಸೆಂಟ್ಸ್ ಲೆಕ್ಕ ಅಲ್ಲ, ಪ್ರಿಯರೇ. ಮದುವೆಯಾದ ಮಗಳು ಪೆಟ್ಟು ತಿಂದು ರಾತ್ರಿ ಬಾಗಿಲು ತಟ್ಟಿದರೆ, ಹೊಂದಿಕೊಂಡು ಹೋಗು ಅಂತ ಬೆಳಿಗ್ಗೆಯ ಮೊದಲ ಬಸ್ಸಿಗೆ ಹತ್ತಿಸಬೇಡಿ. ಒಳಗೆ ಕರೆಯಿರಿ, ಊಟ ಹಾಕಿ, ಅವಳು ಹೇಳುವುದನ್ನು ಪೂರ್ತಿ ಕೇಳಿ. ಆ ಮನೆಯಲ್ಲಿ ಒಂದು ಚಾಪೆಯ ಜಾಗ ಅವಳಿಗೆ ಯಾವಾಗಲೂ ಇರಬೇಕು.

ಈ ವಾರ ಹೀಗೆ ಮಾಡಿ. ಅಪ್ಪಂದಿರೇ, ಫೋನನ್ನು ಅಮ್ಮನಿಗೆ ದಾಟಿಸಬೇಡಿ, ಹತ್ತು ನಿಮಿಷ ನೀವೇ ಮಾತಾಡಿ. ಅಮ್ಮಂದಿರೇ, ಕುಟುಂಬ ಪ್ರಾರ್ಥನೆಯಲ್ಲಿ ಮಗಳು ವಾಕ್ಯ ಓದಿ ಪ್ರಾರ್ಥಿಸಲಿ, ಮಗ ಆವತ್ತು ಪಾತ್ರೆ ತೊಳೆಯಲಿ. ಸಾಲದ ವಿಷಯ, ಜಾಗದ ವಿಷಯ ಮಾತಾಡುವಾಗ ಅವಳನ್ನು ಪಕ್ಕದಲ್ಲಿ ಕೂರಿಸಿ.

ಎಲ್ಲರೂ ಎದ್ದು ನಿಲ್ಲಿ. ಹೆಣ್ಣುಮಕ್ಕಳಿರುವ ಅಪ್ಪ ಅಮ್ಮ ಮುಂದೆ ಬನ್ನಿ. ಮಗಳು ಇಲ್ಲೇ ಇದ್ದರೆ ಅವಳ ತಲೆ ಮೇಲೆ ಕೈ ಇಡಿ, ದೂರ ಇದ್ದರೆ ಅವಳ ಹೆಸರು ಹೇಳಿ.

ಪರಲೋಕದ ತಂದೆಯೇ, ಐದು ಹೆಣ್ಣುಮಕ್ಕಳ ಮಾತು ಕೇಳಿದ ದೇವರೇ, ನಮ್ಮ ಹೆಣ್ಣುಮಕ್ಕಳ ಮಾತು ಕೇಳುವ ಕಿವಿಯನ್ನು ನಮಗೂ ಕೊಡು. ಮುಚ್ಚಿದ ಬಾಗಿಲುಗಳನ್ನು ತೆರೆ. ಮುರಿದ ಸಂಬಂಧಗಳನ್ನು ಕಟ್ಟು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.