ಓದು ಮತ್ತು ಅದರ ಫಲ

ಧರ್ಮಗ್ರಂಥವನ್ನು ಓದುವುದೇ ಧರ್ಮಕಾರ್ಯವೆಂದು ಭಾವಿಸುವವರುಂಟು; ನಡೆಯೊಂದಿದ್ದರೆ ಸಾಕು, ಓದಿನಿಂದೇನೆಂದು ಕೇಳುವವರೂ ಉಂಟು. ಇವೆರಡರಲ್ಲಿ ಸತ್ಯಾಂಶವೆಷ್ಟೆಂಬುದು ವಿಚಾರಣೀಯವಾಗಿದೆ.

ಅಮೆರಿಕದ ತತ್ತ್ವಜ್ಞನಾದ ವಿಲಿಯಂ ಜೇಮ್ಸನು 1907ರಲ್ಲಿ ಪ್ರಕಟವಾದ ‘ಪ್ರಾಗ್ಮ್ಯಾಟಿಸಂ’ ಎಂಬ ಗ್ರಂಥದಲ್ಲಿ ಒಂದು ಒರೆಗಲ್ಲನ್ನು ಮುಂದಿಟ್ಟನು. ಯಾವುದೇ ವಿಚಾರದ ಅರ್ಥವು ಅದರಿಂದ ಬಾಳಿನಲ್ಲಿ ಉಂಟಾಗುವ ವ್ಯತ್ಯಾಸದಲ್ಲಿರುವುದು. ವ್ಯತ್ಯಾಸವನ್ನೇ ಮಾಡದ ನಂಬಿಕೆಯು ಬರಿಯ ಶಬ್ದವೆಂಬುದು ಅದರ ಸಾರ. ನುಡಿಯನ್ನು ನಡೆಯ ಒರೆಗೆ ಹಚ್ಚಿದ ಶರಣರನ್ನು ಬಲ್ಲವರಿಗೆ ಈ ಮಾತು ಹೊಸದೆನಿಸದು. ಆದರೆ ಇಲ್ಲೊಂದು ಅಪಾಯವೂ ಉಂಟು. ಫಲವೇ ಪ್ರಮಾಣವಾದರೆ, ಓದಿದವನಿಗೆ ನೆಮ್ಮದಿ ದೊರೆತೊಡನೆ ಓದು ಸಾರ್ಥಕವಾಯಿತೆನ್ನಬಹುದಲ್ಲವೆ?

ಬೆಂಗಳೂರಿನ ಉತ್ತರಕ್ಕಿರುವ ತಣಿಸಂದ್ರವು ಹಿಂದೆ ಬೇಸಾಯದ ಹಳ್ಳಿ. ಇಂದು ನಗರದೊಳಗೆ ಸೇರಿ, ಹೊಲಗಳಿದ್ದೆಡೆ ಬಹುಮಹಡಿಯ ಕಟ್ಟಡಗಳೆದ್ದಿವೆ. ಅಲ್ಲಿ ಮನೆ ಕಟ್ಟಿಸುತ್ತಿರುವ ಗೃಹಸ್ಥನೊಬ್ಬನನ್ನು ಊಹಿಸಿಕೊಳ್ಳಬಹುದು. ಬೆಳಗ್ಗೆ ಅವನು ಆಯ್ದಕ್ಕಿ ಲಕ್ಕಮ್ಮನ ವಚನಗಳನ್ನು ಓದುತ್ತಾನೆ. ಪತಿಯಾದ ಮಾರಯ್ಯನು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಶರಣೆ ಆಕೆ. ಓದುತ್ತ ಗೃಹಸ್ಥನ ಕಣ್ಣು ತೇವಗೊಳ್ಳುತ್ತದೆ. ಅದೇ ಸಂಜೆ ಗಾರೆ ಕೆಲಸದವರಿಗೆ ಬಟವಾಡೆ ಮಾಡುವಾಗ, ಮಳೆಯಿಂದ ಕೆಲಸ ನಿಂತ ಅರ್ಧ ದಿನದ ಕೂಲಿಯನ್ನು ಅವನು ಮುರಿದುಕೊಳ್ಳುತ್ತಾನೆ. ಓದು ಅವನಿಗೆ ಆನಂದವನ್ನು ಕೊಟ್ಟಿತು ನಿಜ. ಅಷ್ಟರಿಂದಲೇ ಅದು ಫಲಿಸಿತೆ?

ಕಾಯಕ–ದಾಸೋಹಗಳ ತತ್ತ್ವವು ಇಲ್ಲಿ ದಾರಿ ತೋರುತ್ತದೆ. ಕಾಯಕದ ಫಲವು ದಾಸೋಹದ ಮೂಲಕ ಪರರನ್ನು ಮುಟ್ಟಬೇಕು. ಅಂತೆಯೇ ಓದಿನ ಫಲವನ್ನು ಅಳೆಯಬೇಕಾದುದು ಓದಿದವನ ನೆಮ್ಮದಿಯಲ್ಲಲ್ಲ, ಅವನ ಕೈಯನ್ನು ನೆಚ್ಚಿ ನಿಂತವರ ಬಾಳಿನಲ್ಲಿ.

ಹಾಗಾದರೆ ಓದು ಬೇಡವೆ? ಓಲೆಗರಿಗಳಲ್ಲಿ ಚದುರಿಹೋಗಿದ್ದ ವಚನಗಳನ್ನು ಅರಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದ ಫ. ಗು. ಹಳಕಟ್ಟಿಯವರು ಮುದ್ರಣಾಲಯಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ಅವರ ಓದು ತ್ಯಾಗವಾಗಿ ಪರಿಣಮಿಸಿತು. ಆ ತ್ಯಾಗದಿಂದ ಅನೇಕರಿಗೆ ಓದು ದೊರೆಯಿತು. ಲಕ್ಕಮ್ಮನ ಮಾತನ್ನು ಕೇಳದವನಿಗೆ ಕೂಲಿಯನ್ನು ಮುರಿದುಕೊಂಡುದು ಬರಿಯ ಲೆಕ್ಕಾಚಾರವೆಂದು ತೋರಬಹುದು. ಕೇಳಿದವನಿಗೆ ಆ ಹಣವು ಮಾರಯ್ಯನು ತಂದ ಹೆಚ್ಚಿನ ಅಕ್ಕಿಯಾಗಿ ಕಾಣದಿರದು. ಹೀಗೆ ಕಾಣಿಸುವುದೇ ಓದಿನ ಧಾರ್ಮಿಕ ಮಹತ್ತ್ವ. ಕಂಡ ಬಳಿಕ ಮಾಡುವುದು ಓದುಗನ ಹೊಣೆ. ಮರುದಿನ ಗೃಹಸ್ಥನು ಆ ಕೂಲಿಯನ್ನು ಎಣಿಸಿ ಕೊಟ್ಟನಾದರೆ, ಹಿಂದಿನ ಬೆಳಗ್ಗೆ ಮೊದಲಾದ ಓದು ಆಗ ಮುಗಿಯಿತೆನ್ನಬೇಕು.