ಒಂಟಿ ಜೀವ, ಸುತ್ತ ಹಲವರು

ಮನೆ ತುಂಬ ಜನರಿದ್ದರೂ ಹಲ್ಲುನೋವು ಬಂದವನು ರಾತ್ರಿಯಿಡೀ ಒಬ್ಬನೇ ನರಳಬೇಕು. ಹೆಂಡತಿ ಲವಂಗದ ಎಣ್ಣೆ ಹಚ್ಚಿಯಾಳು, ಮಗ ಬೆಳಗಾಗುತ್ತಲೇ ಡಾಕ್ಟರ ಬಳಿ ಕರೆದೊಯ್ದಾನು. ನೋವಿನಲ್ಲಿ ಎಳ್ಳಷ್ಟು ಪಾಲನ್ನೂ ಅವರು ತೆಗೆದುಕೊಳ್ಳಲಾರರು. ಎಲ್ಲರಿಗೂ ಗೊತ್ತಿರುವ ಈ ಸಂಗತಿಯನ್ನು ಜೈನ ದರ್ಶನ ಚಿಂತನೆಯ ವಿಷಯವಾಗಿಸಿತು. ಸಾಧಕನು ಮತ್ತೆ ಮತ್ತೆ ಮನಸ್ಸಿಗೆ ತಂದುಕೊಳ್ಳಬೇಕಾದ 12 ಭಾವನೆಗಳಿಗೆ ದ್ವಾದಶಾನುಪ್ರೇಕ್ಷೆ ಎಂದು ಹೆಸರು. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ 9ನೆಯ ಅಧ್ಯಾಯದಲ್ಲಿ ಅನಿತ್ಯ, ಅಶರಣ, ಸಂಸಾರಗಳಾದ ಮೇಲೆ ಏಕತ್ವ ಬರುತ್ತದೆ. ಕನ್ನಡದಲ್ಲಿ ಬಂಧುವರ್ಮನ ‘ಜೀವಸಂಬೋಧನೆ’ಯ ವಸ್ತುವೂ ಈ ಹನ್ನೆರಡೇ.

ಜೀವ ಒಂಟಿಯಾಗಿ ಹುಟ್ಟುತ್ತದೆ, ಒಂಟಿಯಾಗಿ ಸಾಯುತ್ತದೆ, ಮಾಡಿದ ಕರ್ಮದ ಫಲವನ್ನು ತಾನೇ ಉಣ್ಣುತ್ತದೆ: ಏಕತ್ವವೆಂದರೆ ಇಷ್ಟು. ಅದ್ವೈತಿಗೆ ಜೀವಜೀವಗಳ ಈ ಬೇರೆತನ ಅಜ್ಞಾನದ ಫಲ. ಅರಿವು ಮೂಡಿದರೆ ಅದು ಉಳಿಯದು. ಜೈನನಿಗೆ ಆ ಸಮಾಧಾನವಿಲ್ಲ. ಜೀವಗಳು ಅನಂತ, ಮೋಕ್ಷ ಪಡೆದು ಸಿದ್ಧಲೋಕ ಸೇರಿದರೂ ಒಂದರಲ್ಲೊಂದು ಕರಗುವುದಿಲ್ಲ. ಒಂಟಿತನವನ್ನು ವಾಸಿಮಾಡಬೇಕಾದ ರೋಗವೆಂದು ಎಣಿಸದ ಈ ನಿಲುವು ಕಠಿಣವಾದರೂ ಪ್ರಾಮಾಣಿಕವಾದದ್ದು ಎಂದು ನನಗನ್ನಿಸುತ್ತದೆ.

ಹಾಗಾದರೆ ಇನ್ನೊಬ್ಬರ ಆರೈಕೆಯಿಂದ ಏನು ಬಂತು? ಶಿವಾರ್ಯನ ‘ಭಗವತೀ ಆರಾಧನೆ’ ಇದಕ್ಕೆ ಕೊಡುವ ಉತ್ತರ ಬೆರಗು ಹುಟ್ಟಿಸುವಂಥದ್ದು. ನಮ್ಮ ‘ವಡ್ಡಾರಾಧನೆ’ಯ ಕಥೆಗಳ ಬೇರಿರುವುದು ಈ ಪ್ರಾಕೃತ ಗ್ರಂಥದಲ್ಲೇ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಹೆಸರು ಉಳಿದಿರುವ ಎಷ್ಟೋ ಮುನಿಗಳು ಸಲ್ಲೇಖನದಿಂದ, ಅಂದರೆ ಆಹಾರವನ್ನು ಕ್ರಮೇಣ ತೊರೆಯುವ ವ್ರತದಿಂದ, ದೇಹ ಬಿಟ್ಟವರು. ಅಂಥ ವ್ರತ ಹಿಡಿದವನ ಬಳಿ 48 ಮಂದಿ ನಿರ್ಯಾಪಕರು, ಅಂದರೆ ಆರೈಕೆ ಮಾಡುವ ಮುನಿಗಳು, ಇರಬೇಕೆಂದು ಶಿವಾರ್ಯ ವಿಧಿಸುತ್ತಾನೆ. ಕೆಲವರು ಅವನನ್ನು ಹಿಡಿದು ಕೂರಿಸಬೇಕು, ಮಗ್ಗುಲು ಬದಲಿಸಬೇಕು. ಕೆಲವರು ಧರ್ಮಕಥೆ ಹೇಳಬೇಕು. ಕೆಲವರು ಮಲಮೂತ್ರ ತೆಗೆಯಬೇಕು. ಕೆಲವರು ಬಾಗಿಲು ಕಾಯಬೇಕು. ಅಷ್ಟು ಜನ ಸಿಗದಿದ್ದರೆ ಕಡಿಮೆ ಮಾಡಬಹುದು, ಆದರೆ ಇಬ್ಬರಿಗಿಂತ ಕಡಿಮೆಯಾಗಕೂಡದು. ಇರುವ ಒಬ್ಬನೂ ಭಿಕ್ಷೆಗೆ ಹೋದರೆ ಮಲಗಿದವನ ಬಳಿ ಯಾರಿರುತ್ತಾರೆ?

ಸಾವನ್ನು ಯಾರೂ ಹಂಚಿಕೊಳ್ಳಲಾರರೆಂದು ಖಚಿತವಾಗಿ ನಂಬಿದವರೇ ಇಷ್ಟು ಜನರನ್ನು ಹಾಸಿಗೆಯ ಸುತ್ತ ಕೂರಿಸಿದರು. ಅವನ ದಾರಿಯನ್ನು ಅವರು ನಡೆಯಲಾರರು. ಅವನ ಮನಸ್ಸು ಕದಡದಂತೆ ನೋಡಿಕೊಳ್ಳಬಲ್ಲರು.

ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ‘ನಿಮ್ಮ ಸಂಕಟ ನನಗೆ ಗೊತ್ತು’ ಎನ್ನಬೇಡಿ, ಅದು ನಿಮಗೆ ಗೊತ್ತಾಗುವುದಿಲ್ಲ. ಮಗ್ಗುಲು ಬದಲಿಸಿ, ನೀರು ಬೇಕೇ ಎಂದು ಕೇಳಿ, ನೋಡಿಕೊಳ್ಳುವ ಸರದಿಗೆ ಇಬ್ಬರಾದರೂ ಇರುವಂತೆ ಏರ್ಪಾಡು ಮಾಡಿ.