ಅಂಗುಲಿಮಾಲನ ನಂತರ ಬಂದವರು

ಅಂಗುಲಿಮಾಲನ ಕಥೆ ಬೌದ್ಧ ಗ್ರಂಥಗಳಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಬರುತ್ತದೆ. ಎಲ್ಲರಿಗೂ ಗೊತ್ತಿರುವುದು ಮಜ್ಝಿಮ ನಿಕಾಯದ್ದು. ಕೊಂದವರ ಬೆರಳುಗಳನ್ನು ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದ ದರೋಡೆಕೋರ ಭಿಕ್ಷುವಾಗುತ್ತಾನೆ. ಅವನನ್ನು ಹಿಡಿಯಲು ಸವಾರರೊಡನೆ ಹೊರಟಿದ್ದ ಪ್ರಸೇನಜಿತ ರಾಜ ಹಾಗೆಯೇ ಹಿಂದಿರುಗುತ್ತಾನೆ. ವಿನಯಪಿಟಕದ ಮಹಾವಗ್ಗದಲ್ಲಿರುವ ಮುಂದಿನ ಭಾಗವನ್ನು ಹೇಳುವವರು ಕಡಿಮೆ. ಅಂಗುಲಿಮಾಲನನ್ನು ಕಂಡರೆ ಜನ ದಾರಿ ಬದಲಿಸುತ್ತಿದ್ದರು, ಬಾಗಿಲು ಹಾಕಿಕೊಳ್ಳುತ್ತಿದ್ದರು, ಇಂಥವನಿಗೂ ದೀಕ್ಷೆಯೇ ಎಂದು ಗೊಣಗುತ್ತಿದ್ದರು. ಅದರಿಂದಾಗಿ, ಕುಖ್ಯಾತ ಕಳ್ಳರಿಗೆ ಇನ್ನು ದೀಕ್ಷೆಯಿಲ್ಲ ಎಂಬ ನಿಯಮವಾಯಿತು. ಅಂಥವರು ತಿದ್ದಿಕೊಳ್ಳಲಾರರು ಎಂದು ಯಾರೂ ತೀರ್ಮಾನಿಸಿರಲಿಲ್ಲ. ಊರು ಹೆದರಿತ್ತು, ಅಷ್ಟೆ.

ಅಮೆರಿಕದ ಡ್ರಗ್ ಕೋರ್ಟುಗಳಿಗೂ ಇಂಥದೇ ನಿಯಮವೊಂದು ಅಂಟಿಕೊಂಡಿದೆ. ಕೊಕೇನ್ ಪ್ರಕರಣಗಳಿಂದ ಜೈಲುಗಳು ತುಂಬಿ ತುಳುಕುತ್ತಿದ್ದ ಮಯಾಮಿಯಲ್ಲಿ 1989ರಲ್ಲಿ ಮೊದಲ ಡ್ರಗ್ ಕೋರ್ಟ್ ಶುರುವಾಯಿತು. ವ್ಯಸನಿಯನ್ನು ಜೈಲಿಗಟ್ಟುವ ಬದಲು ಚಿಕಿತ್ಸೆಗೆ ಹಚ್ಚಿ, ನ್ಯಾಯಾಧೀಶರೇ ಅವನ ಬೆನ್ನು ಬೀಳುವ ಏರ್ಪಾಡು ಇದು. ಆಗಾಗ ಮೂತ್ರ ಪರೀಕ್ಷೆ, ಮತ್ತೆ ಮತ್ತೆ ಹಾಜರಾತಿ. ವರದಿ ಚೆನ್ನಾಗಿದ್ದರೆ ಕೋರ್ಟಿನಲ್ಲೇ ಚಪ್ಪಾಳೆ, ಸುಳ್ಳು ಹೇಳಿ ಸಿಕ್ಕಿಬಿದ್ದರೆ ಕೆಲವು ದಿನ ಜೈಲು. ಆದರೆ 1994ರ ಅಪರಾಧ ಕಾಯ್ದೆ ಈ ಕೋರ್ಟುಗಳಿಗೆ ಫೆಡರಲ್ ಅನುದಾನ ಕೊಡುವಾಗಲೇ ಹಿಂಸಾತ್ಮಕ ಅಪರಾಧಿಗಳನ್ನು ಹೊರಗಿಟ್ಟಿತು. ಹಿಂದೆಂದೋ ಗಂಭೀರ ಹಲ್ಲೆಗೆ ಶಿಕ್ಷೆಯಾಗಿದ್ದವರೂ ಆ ಪಟ್ಟಿಗೆ ಸೇರಿದರು. ಎಷ್ಟು ವರ್ಷ ಹಿಂದಿನದು ಎಂದು ಕೇಳುವ ಗೋಜಿಗೆ ಕಾನೂನು ಹೋಗಲಿಲ್ಲ.

ಮಾಡಿದ್ದನ್ನು ಉಣ್ಣಲೇಬೇಕಲ್ಲ ಎಂಬ ಆಕ್ಷೇಪ ನಮ್ಮ ಕಡೆಯ ಓದುಗರಿಗೆ ಸಹಜವಾಗಿಯೇ ಹೊಳೆಯುತ್ತದೆ. ಕರ್ಮಸಿದ್ಧಾಂತ ಅದನ್ನು ಅಲ್ಲಗಳೆಯುವುದಿಲ್ಲ. ಭಿಕ್ಷೆಗೆ ಹೋದ ಅಂಗುಲಿಮಾಲನ ಮೇಲೆ ಕಲ್ಲು ಬಿತ್ತು. ತಲೆಯೊಡೆದು, ಪಾತ್ರೆ ಚೂರಾಗಿ, ಚೀವರ ಹರಿದು ಬಂದವನಿಗೆ ಬುದ್ಧ ಹೇಳಿದ್ದು ಸಹಿಸಿಕೋ ಎಂದೇ. ಫಲ ತಪ್ಪಲಿಲ್ಲ, ಆದರೆ ಅದನ್ನು ಅವನು ಉಂಡದ್ದು ಭಿಕ್ಷುವಾಗಿಯೇ. ಉಣ್ಣುವವನಿಗೆ ದಾರಿಯೇ ಇರಬಾರದು ಎಂದು ಕರ್ಮದ ಹೆಸರಿನಲ್ಲಿ ಹೇಳುವುದು ಕರ್ಮದ ತಿಳಿವಳಿಕೆಯಲ್ಲ, ನಮ್ಮ ಸಿಟ್ಟು. ಹಳೆಯ ಅಪರಾಧಕ್ಕೆ ಜೈಲುವಾಸ ಮುಗಿಸಿ ಬಂದವನನ್ನು ಅದೇ ಕಾರಣಕ್ಕೆ ಚಿಕಿತ್ಸೆಯಿಂದ ದೂರವಿಡುವುದೆಂದರೆ ತೀರಿದ ಸಾಲವನ್ನು ಇನ್ನೊಮ್ಮೆ ವಸೂಲಿ ಮಾಡಿದಂತೆ. ಎಷ್ಟೋ ಸಲ ಆ ಹಳೆಯ ಪ್ರಕರಣದ ಬೇರೂ ವ್ಯಸನದಲ್ಲೇ ಇರುತ್ತದೆ.

ಸುರಕ್ಷತೆಯ ಪ್ರಶ್ನೆ ಇದಕ್ಕಿಂತ ತೂಕದ್ದು. 23 ಡ್ರಗ್ ಕೋರ್ಟುಗಳನ್ನು ಪರಿಶೀಲಿಸಿ 2011ರಲ್ಲಿ ಬಂದ ರಾಷ್ಟ್ರೀಯ ಅಧ್ಯಯನದಲ್ಲಿ, ವರ್ಷದೊಳಗೆ ಅಪರಾಧ ಮಾಡಿದ್ದಾಗಿ ಒಪ್ಪಿಕೊಂಡವರು ಡ್ರಗ್ ಕೋರ್ಟಿನ ಗುಂಪಿನಲ್ಲಿ ಶೇ. 40, ಸಾಮಾನ್ಯ ಹಾದಿಯಲ್ಲಿ ಹೋದವರಲ್ಲಿ ಶೇ. 53. ಹಿಂಸೆಯ ಹಿನ್ನೆಲೆಯವರು ಈ ಪ್ರಯೋಜನದಲ್ಲಿ ಉಳಿದವರಿಗಿಂತ ಹಿಂದೆ ಬೀಳಲಿಲ್ಲ. ಇರುವ ಜಾಗ ಕಡಿಮೆ, ಮೊದಲ ಬಾರಿ ತಪ್ಪಿದವರಿಗೆ ಅದು ಸಿಗಲಿ ಎಂಬ ವಾದ ಕರುಣೆಯಂತೆ ಕೇಳಿಸುತ್ತದೆ. ಆದರೆ ಅಂಥವರಲ್ಲಿ ಹಲವರು ಇಷ್ಟು ಬಿಗಿ ಕಾವಲಿಲ್ಲದೆಯೂ ಸುಧಾರಿಸುತ್ತಾರೆ. ಈ ಕೋರ್ಟುಗಳ ರಾಷ್ಟ್ರೀಯ ಸಂಘವೇ 2013ರ ಮಾನದಂಡಗಳಲ್ಲಿ, ಮರುಕಳಿಸುವ ಅಪಾಯ ಹೆಚ್ಚಿರುವ, ವ್ಯಸನ ಆಳವಾಗಿರುವವರನ್ನು ಮೊದಲು ಸೇರಿಸಿಕೊಳ್ಳಿ ಎಂದಿದೆ. ನನ್ನ ಅಳುಕು ಬೇರೆಯದು. ಚಿಕಿತ್ಸೆ ಪೂರೈಸದವರಿಗೆ ಕೆಲವೊಮ್ಮೆ ಮೊದಲೇ ಜೈಲಿಗೆ ಹೋಗಿದ್ದರೆ ಆಗುತ್ತಿದ್ದುದಕ್ಕಿಂತ ದೊಡ್ಡ ಶಿಕ್ಷೆಯಾಗುತ್ತದೆ. ಕಠಿಣ ಪ್ರಕರಣದವರನ್ನು ಒಳಗೆ ಬಿಟ್ಟರೆ ಎಡವುವವರೂ ಹೆಚ್ಚಬಹುದು. ಪ್ರಯತ್ನಿಸಿ ಸೋತದ್ದಕ್ಕೆ ಹೆಚ್ಚುವರಿ ದಂಡ ಬೀಳದಂತೆ ನಿಯಮ ಬೇಕು.

ಬೌದ್ಧ ಸಂಘಕ್ಕೆ ಸೇರುವುದು ಗೌರವ. ಭಿಕ್ಷೆ ನೀಡುವ ಜನರ ವಿಶ್ವಾಸವಿಲ್ಲದೆ ಸಂಘ ಬದುಕಲಾರದು. ಹಾಗಾಗಿ ಅದರ ನಿಯಮವನ್ನು ಅರ್ಥಮಾಡಿಕೊಳ್ಳಬಹುದು. ಡ್ರಗ್ ಕೋರ್ಟ್ ಯಾರಿಗೂ ಕೊಡುವ ಗೌರವವಲ್ಲ, ಕಾವಲಿನ ಚಿಕಿತ್ಸೆ; ಅದಕ್ಕೆ ಆ ಸಮರ್ಥನೆ ಹೊಂದುವುದಿಲ್ಲ. ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ ಬೇರೆ ವಿಷಯಗಳಲ್ಲಿ ಕಠೋರವಾದರೂ, ಅದರ 39ನೇ ಕಲಂ ಮಾದಕ ವಸ್ತು ಸೇವಿಸಿದ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಪ್ಪಿತಸ್ಥನಾದ ವ್ಯಸನಿಯ ವಯಸ್ಸು, ನಡತೆ, ಪೂರ್ವಾಪರಗಳನ್ನು ನೋಡಿ ಚಿಕಿತ್ಸೆಗೆ ಕಳಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಡುತ್ತದೆ. ಅಲ್ಲಿ ಪೂರ್ವಾಪರ ಪರಿಗಣಿಸಬೇಕಾದ ಸಂಗತಿ, ಅನರ್ಹತೆಯಲ್ಲ. ಅಮೆರಿಕದ ಕಾನೂನೂ ಹಳೆಯ ಶಿಕ್ಷೆಯನ್ನು ತೂಗುವ ಕೆಲಸವನ್ನು ನ್ಯಾಯಾಧೀಶರಿಗೇ ಬಿಡಬೇಕು.